ಗೊಣಗುವ ಬಂಡಿ

"ಎರಡುಗಿರಿಯ ಪ್ರಜೆಗಳೇ, ಕೇಳಿರಿ! ರಾಜಕುಮಾರಿ ಸುಗುಣಾವಳಿಯವರ ಮೂರು ಒಗಟುಗಳನ್ನು ಬಿಡಿಸಿದವರಿಗೆ ತೇಲುಬಂಡಿಯ ಸಾರಥ್ಯ ಮತ್ತು ಕೇಳಿದ ವರ. ತಪ್ಪಿದವರು ತಮ್ಮ ಉತ್ತರದಂತೆಯೇ ಬಂಡಿ ಹೂಡಿ ಕಮರಿ ದಾಟಬೇಕು!"

ಕೊನೆಯ ಮಾತಿಗೆ ಡಂಗುರದವನ ದನಿ ತಗ್ಗಿತು. ಯಾಕೆಂದು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ಗೊಂದಲವಾಗುತ್ತದೆ. ಎರಡುಗಿರಿ ಎರಡು ಗುಡ್ಡಗಳ ರಾಜ್ಯ. ನಡುವೆ ತಳ ಕಾಣದ ಕಮರಿ. ಅದರ ಮೇಲೆ ಸೂಜಿಗಲ್ಲಿನ ಹಳಿ, ಅಂದರೆ ಕಬ್ಬಿಣವನ್ನು ಎಳೆಯುವ ಕಲ್ಲಿನಿಂದ ಮಾಡಿದ ದಾರಿ. ಬಂಡಿಗೆ ಚಕ್ರವಿಲ್ಲ. ಅದು ಹಳಿಯಿಂದ ಬೆರಳಿನಷ್ಟು ಮೇಲೆ, ಏನನ್ನೂ ಮುಟ್ಟದೆ ತೇಲಬೇಕು. ಹಿಂದೊಮ್ಮೆ ನಡುದಾರಿಯಲ್ಲಿ ಅದು ತೇಲುವುದನ್ನು ಬಿಟ್ಟು ಬಿತ್ತು, ಒಳಗಿದ್ದ ರಾಣಿ ಸತ್ತಳು. ಆಮೇಲೆ ಕಟ್ಟಿದ ಹೊಸ ಬಂಡಿ ಹಳಿ ಹತ್ತದೆ ನಿಂತಿತ್ತು. ಹಾಗಾಗಿ ತಪ್ಪು ಉತ್ತರವೆಂದರೆ ಸಾವೇ.

ಆಲೆಮನೆಯ ಜವರನ ಅಣ್ಣ ನಿಂಗ ಆಗಲೇ ತಪ್ಪಿದ್ದ. ಮರುದಿನ ಬೆಳಿಗ್ಗೆ ಅವನು ಬಂಡಿ ಹತ್ತಬೇಕಿತ್ತು. ಅಣ್ಣತಮ್ಮಂದಿರು ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವವರು, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ನೀನು ಬರಬೇಡ ಕಣೋ," ಎಂದ ನಿಂಗ, ಸೆರೆಮನೆಯ ಸರಳಿನ ಹಿಂದಿನಿಂದ. "ಇಬ್ಬರೂ ಹೋದರೆ ಒಲೆ ಹಚ್ಚೋರು ಯಾರು?"

"ನೀನಿಲ್ಲದ ಒಲೆ ತಗೊಂಡು ನಾನೇನು ಮಾಡ್ಲಣ್ಣ?" ಎಂದು ಜವರ ಸಭೆಗೆ ನಡೆದ.

ಸಭೆಯಲ್ಲಿ ಅವನಿಗಿಂತ ಮುಂದೆ ಇಬ್ಬರಿದ್ದರು. ಒಬ್ಬ ನೆರೆರಾಜ್ಯದ ಯುವರಾಜ, ಇನ್ನೊಬ್ಬ ಮುತ್ತಿನ ವ್ಯಾಪಾರಿಯ ಮಗ. ಜವರನ ಅಂಗಿಗೆ ಅಂಟಿದ್ದ ಬೆಲ್ಲದ ಪಾಕ ನೋಡಿ ಯುವರಾಜ, "ಇವನನ್ನು ಕಮರಿಗೆ ತಳ್ಳಬೇಕಿಲ್ಲ, ಇರುವೆಗಳೇ ಹೊತ್ತೊಯ್ಯುತ್ತವೆ" ಎಂದ.

ರಾಜಕುಮಾರಿ ಕೇಳಿದಳು: "ಬೆಚ್ಚಗಿದ್ದಾಗ ಅದು ಜಡ, ಯಾರೂ ತಿರುಗಿ ನೋಡರು. ಮೂಳೆ ಕೊರೆಯುವ ಚಳಿಗಿಟ್ಟರೆ ಎಚ್ಚೆತ್ತು ಭಾರ ಹೊರುತ್ತದೆ. ಏನದು?"

"ಹೆಪ್ಪುಗಟ್ಟಿದ ಹೊಳೆ," ಎಂದ ಯುವರಾಜ. ರಾಜ ಅಲ್ಲವೆಂದು ತಲೆಯಾಡಿಸಿದ. ಯುವರಾಜನ ಮುಖ ಸುಣ್ಣದಂತಾಯಿತು.

"ಬಂಡಿಯ ಅಡಿಗೆ ಜೋಡಿಸಿದ ಕರಿಕಲ್ಲು," ಎಂದ ವ್ಯಾಪಾರಿಯ ಮಗ. ಅದು ಸರಿಯಾಗಿತ್ತು.

"ತಣಿದ ಆ ಕಲ್ಲು ಹಳಿಯುದ್ದಕ್ಕೆ ಮಾತ್ರ ಸಾಗುತ್ತದೆ, ಮೇಲೇಳದು, ಇಳಿಯದು, ಪಕ್ಕಕ್ಕೂ ಜಾರದು," ಎಂದಳು ರಾಜಕುಮಾರಿ. " ಹಗ್ಗವಿಲ್ಲ, ಮೊಳೆಯಿಲ್ಲ. ಹಿಡಿದ ಕೈ ಯಾವುದು? ಅದು ಹಿಡಿಯುವುದು ಯಾವಾಗ?"

"ಸೂಜಿಗಲ್ಲಿನ ಕೈ," ಎಂದ ವ್ಯಾಪಾರಿಯ ಮಗ. "ಕರಿಕಲ್ಲನ್ನು ಚೆನ್ನಾಗಿ ತಣಿಸಿ, ಆಮೇಲೆ ಹಳಿಯ ಮೇಲೆ ತಂದಿಟ್ಟಾಗ."

"ಅರ್ಧ ಸರಿ," ಎಂದಳು ರಾಜಕುಮಾರಿ. ಅವಳ ಕಣ್ಣು ಒದ್ದೆಯಾಗಿತ್ತು. "ಅರ್ಧ ಸರಿಯಾದ ಬಂಡಿಯೂ ಬೀಳುತ್ತದೆ."

ಇದೇ ಉತ್ತರವನ್ನು ನಿಂಗನೂ ಹೇಳಿದ್ದ. ಆ ಊರಿನಲ್ಲಿ ಎಲ್ಲರೂ ಹಾಗೇ ತಿಳಿದಿದ್ದರು, ಯಾಕೆಂದರೆ ಕಲ್ಲನ್ನು ಕಮರಿಯಿಂದ ದೂರದ ಚಳಿಕೊಟ್ಟಿಗೆಯಲ್ಲಿ ತಣಿಸಿ ಹೊತ್ತು ತರುವುದನ್ನಷ್ಟೇ ಅವರು ಕಂಡಿದ್ದರು, ಹಳಿಯ ಮೇಲೆ ಹಳೆಯ ಸಾರಥಿ ಏನು ಮಾಡುತ್ತಿದ್ದನೋ ತಿಳಿಯದು. ಜವರನ ಸರದಿ ಬಂತು. ಮೊದಲನೆಯದಕ್ಕೆ ಈಗಷ್ಟೇ ಕೇಳಿದ ಉತ್ತರವನ್ನೇ ಹೇಳಿದ, ಅದೇನೂ ಅವನ ಜಾಣತನವಲ್ಲ. ಎರಡನೆಯದಕ್ಕೆ ಅಂಗಿಯ ಮೇಲಿನ ಪಾಕ ನೋಡಿಕೊಂಡು ಹೇಳಿದ:

"ತಾಯೀ, ನಾವು ಪಾಕ ಬಿಸಿಯಿರುವಾಗಲೇ ಅಚ್ಚಿಗೆ ಹೊಯ್ತೀವಿ. ಅಚ್ಚಿನೊಳಗೇ ಆರಿದರೆ ಅಚ್ಚಿನ ಆಕಾರ ಉಳಿಯುತ್ತೆ. ಗಟ್ಟಿಯಾದ ಬೆಲ್ಲ ತಂದು ಅಚ್ಚಿಗೆ ತುರುಕಿದರೆ ಕೂರಲ್ಲ. ಕಲ್ಲೂ ಹಂಗೇ ಇರಬೇಕು. ಮೊದಲು ಬಂಡಿನ ಹಳಿ ಮೇಲೆ ಮರದ ತುಂಡು ಕೊಟ್ಟು ನಿಲ್ಲಿಸಿ, ಅಲ್ಲೇ ತಣಿಸಬೇಕು. ಆಮೇಲೆ ತುಂಡು ತೆಗೀಬೇಕು."

"ಇದು ಪೂರ್ತಿ ಸರಿ," ಎಂದಳು ರಾಜಕುಮಾರಿ. "ಮೂರನೆಯದು. ಹೊಟ್ಟೆ ತುಂಬಿದಾಗ ಗೊಣಗುತ್ತದೆ. ಬರಿದಾದಾಗ ಸುಮ್ಮನಾಗುತ್ತದೆ. ಅದರ ಮೌನ ಕೊಲ್ಲುತ್ತದೆ. ಏನದು?"

ಗೊಣಗುವುದು ಎಂದೊಡನೆ ಜವರನಿಗೆ ಅಣ್ಣನ ಮುಖವೊಂದೇ ಕಣ್ಣ ಮುಂದೆ ಬಂತು. ಆದರೆ ಮೊದಲೆರಡೂ ಬಂಡಿಯ ಒಗಟುಗಳೇ ಎಂದುಕೊಂಡು, "ಬಂಡಿ ಹತ್ತಿರ ಕಿವಿ ಇಡಬಹುದಾ ತಾಯೀ?" ಎಂದ.

"ಇದುವರೆಗೆ ಯಾರೂ ಕೇಳಿರಲಿಲ್ಲ. ಹೋಗು."

ಅಂಗಳದಲ್ಲಿ ನಿಂತಿದ್ದ ಬಂಡಿಯಲ್ಲಿ ಒಂದು ತೊಟ್ಟಿಯಿತ್ತು, ನಿಂಗನ ಸವಾರಿಗೆಂದು ಆಗಲೇ ತುಂಬಿಸಿದ್ದರು. ಅದರಲ್ಲಿ ಗಾಳಿನೀರು, ಅಂದರೆ ಗಾಳಿಯನ್ನೇ ಹಿಂಡಿ ತಣಿಸಿ ನೀರಾಗಿಸಿದ್ದು. ನಮ್ಮ ಚಳಿಗಾಲವೂ ಅದಕ್ಕೆ ಬೆಂಕಿಯಂತೆ, ಹಾಗಾಗಿ ಅದು ಸದಾ ಕುದಿಯುತ್ತದೆ. ಜವರ ಕಿವಿಯಿಟ್ಟ. ಗುಳುಗುಳು, ಗುಳುಗುಳು. ಕೊಪ್ಪರಿಗೆಯ ಪಾಕದ ಹಾಗೇ!

"ಈ ತೊಟ್ಟಿ!" ಎಂದು ಕೂಗಿದ. "ಸದ್ದು ನಿಂತರೆ ಚಳಿ ಮುಗೀತು. ಕಲ್ಲು ನಿದ್ದೆ ಹೋಗುತ್ತೆ, ಬಂಡಿ ಬೀಳುತ್ತೆ."

ಆದರೆ ರಾಜ ಹೇಳಿದ: "ಮಾತು ಸರಿ ಕಾಣುತ್ತದೆ. ದಾಟಿ ತೋರಿಸು. ನಿನ್ನಣ್ಣನೂ ಜೊತೆಗೆ ಕೂರಲಿ."

ಬಂಡಿಯನ್ನು ಹಳಿಗೆ ತಂದು ಮರದ ತುಂಡುಗಳ ಮೇಲೆ ನಿಲ್ಲಿಸಿದರು. ತೊಟ್ಟಿಯಿಂದ ಕಲ್ಲಿಗೆ ಗಾಳಿನೀರು ಹರಿಸಿದರು, ಬಿಳಿ ಹೊಗೆ ಎದ್ದಿತು. ಜವರ ಕಣ್ಣು ಮುಚ್ಚಿ ತುಂಡುಗಳನ್ನು ಎಳೆದ. ಬಂಡಿ ಅಲುಗಲಿಲ್ಲ. ಹಳಿಗೂ ಅದಕ್ಕೂ ನಡುವೆ ಬರೀ ಬೆಳಕಿತ್ತು.

ಅಣ್ಣತಮ್ಮಂದಿರು ಹತ್ತಿದರು, ಜನ ಹಿಂದಿನಿಂದ ನೂಕಿದರು. ಬಂಡಿ ಸದ್ದಿಲ್ಲದೆ ಜಾರತೊಡಗಿತು.

"ನಿನ್ನ ಬೆಲ್ಲದ ಬುದ್ಧಿ ನಂಬಿ ಸಾಯ್ತಾ ಇದೀನಲ್ಲೋ," ಎಂದ ನಿಂಗ, ಬಂಡಿಯ ಅಂಚನ್ನು ಅಪ್ಪಿಕೊಂಡು.

"ಸುಮ್ನಿರಣ್ಣ, ತೊಟ್ಟಿ ಕೇಳಿಸ್ತಿಲ್ಲ!"

ನಡುಕಮರಿಯಲ್ಲಿ ಗುಳುಗುಳು ಸಣ್ಣಗಾಯಿತು. ದಡ ಹತ್ತಿರವೇ ಕಾಣುತ್ತಿತ್ತು, ತಲುಪಿಬಿಡಬಹುದು ಅನಿಸುತ್ತಿತ್ತು. ಜವರ ಕಾಯಲಿಲ್ಲ, ಜೊತೆಗೆ ತಂದಿದ್ದ ಕೊಡದಿಂದ ಗಾಳಿನೀರನ್ನು ತೊಟ್ಟಿಗೆ ಸುರಿದ. ಗೊಣಗು ಮತ್ತೆ ಏರಿತು. ಬಂಡಿ ದಡ ಮುಟ್ಟಿತು.

ಅವರು ಮರಳಿ ಬಂದಾಗ ರಾಜಕುಮಾರಿ ಎಲ್ಲರಿಗೂ ಬಿಡಿಸಿ ಹೇಳಿದಳು. ಹಳೆಯ ಕಾಲದ ಕಲ್ಲುಗಳಿಗೆ ಇದಕ್ಕಿಂತ ಘೋರ ಚಳಿ ಬೇಕಿತ್ತು, ಈ ಕರಿಕಲ್ಲಿಗೆ ಗಾಳಿನೀರಿನ ಚಳಿಯೇ ಸಾಕು. ಅದು ತಣಿಯುವಾಗ ಸೂಜಿಗಲ್ಲಿನ ಸೆಳೆತ ಒಳಗೇ ಸಿಕ್ಕಿಕೊಂಡು ಕಲ್ಲನ್ನು ಆ ಎತ್ತರಕ್ಕೇ ಕಟ್ಟಿಹಾಕುತ್ತದೆ, ಹಳಿಯುದ್ದಕ್ಕೆ ಜಾರಲು ಮಾತ್ರ ಬಿಡುತ್ತದೆ. "ಅಮ್ಮ ಕೂತಿದ್ದ ದಿನ ತೊಟ್ಟಿ ಸುಮ್ಮನಾಗಿತ್ತು," ಎಂದಳು. "ಇನ್ನೇನು ತಲುಪಿದೆವು ಅಂತ ದಡದವರಿಗೆ ಕೂಗಿದ್ದನಂತೆ ಸಾರಥಿ."

ವರವಾಗಿ ಜವರ ಅಣ್ಣನ ಜೊತೆಗೆ ಯುವರಾಜನ, ವ್ಯಾಪಾರಿಯ ಮಗನ ಪ್ರಾಣವನ್ನೂ ಕೇಳಿದ. ರಾಜ ಕೊಟ್ಟ. ಸಾರಥ್ಯವೂ ಅವನದಾಯಿತು. ಮುಂದಿನ ಬಂಡಿಗೆ ರಾಜಕುಮಾರಿಯೇ ಹತ್ತಿದಳು, ತಾಯಿ ಹೋದ ಮೇಲೆ ಮೊದಲ ಸಲ. ಕಮರಿಯತ್ತ ನೋಡದೆ ತೊಟ್ಟಿಯ ಪಕ್ಕಕ್ಕೇ ಕೂತಳು.

ಹಿಂದೆ ಕೂತ ನಿಂಗ ಬೈಯುತ್ತಲೇ ಇದ್ದ: ಜಾಗ ಸಾಲದು, ಚಳಿ ಜಾಸ್ತಿ, ತಮ್ಮನಿಗೆ ಬುದ್ಧಿಯಿಲ್ಲ.

"ನಿಮ್ಮಣ್ಣ ಯಾವಾಗಲೂ ಹೀಗೇನಾ?" ಎಂದಳು ರಾಜಕುಮಾರಿ.

"ಹೂಂ ತಾಯೀ," ಎಂದ ಜವರ, ತೊಟ್ಟಿಗೆ ಕಿವಿಗೊಟ್ಟು. "ಇಬ್ಬರೂ ಗೊಣಗ್ತಾ ಇದಾರೆ. ಭಯ ಪಡಬೇಡಿ."