ಅರಮನೆ ಎದುರಿನ ಕಿಟಕಿ

ಮೈಸೂರಿನಲ್ಲಿ ನಮ್ಮದು ನಾಲ್ಕು ತಲೆಮಾರಿನ ಗೌರವಸ್ಥ ಮನೆತನ. ಅರಮನೆಗೆ ಎದುರಾಗಿದ್ದ ನಮ್ಮ ಮನೆ ಈಗ ಹೋಟೆಲಾಗಿದೆ. ಭಾನುವಾರ ಸಂಜೆ ಮಾರುಕಟ್ಟೆಯಲ್ಲಿ ಮಲ್ಲಿಗೆ ಕೊಂಡು, ದೋಸೆಯ ನೆಪದಲ್ಲಿ ಅಲ್ಲಿಗೆ ಹೋದೆ. ಮಹಡಿಯ ಕಿಟಕಿಯಲ್ಲಿ ಅಮ್ಮನ ತೊಡೆಯೇರಿ ನೋಡುತ್ತಿದ್ದ ಅರಮನೆಯ ದೀಪಗಳನ್ನು ಅಲ್ಲಿಂದಲೇ ಇನ್ನೊಮ್ಮೆ ನೋಡಬೇಕಿತ್ತು.

“ಮಹಡಿ ತಂಗಿರುವ ಅತಿಥಿಗಳಿಗೆ ಮಾತ್ರ,” ಎಂದರು ಮ್ಯಾನೇಜರ್, ತಲೆಯನ್ನೂ ಎತ್ತದೆ. ಬೇಡಿಕೊಳ್ಳುವುದನ್ನು ಕಾನ್ವೆಂಟಿನ ಸಿಸ್ಟರುಗಳು ನನಗೆ ಕಲಿಸಿರಲಿಲ್ಲ. ದೋಸೆ ಹೇಳಿ ಕೂತೆ.

ದೋಸೆ ತಂದ ಸರ್ವರ್‌ಗೆ ಇದು ನಾನು ಹುಟ್ಟಿದ ಮನೆ ಎಂದಷ್ಟೇ ಹೇಳಿದೆ. ಆತ ನನ್ನ ಮುಖ ನೋಡಿ, ನೆಟ್ಟಗೆ ಮ್ಯಾನೇಜರ್ ಬಳಿ ಹೋದ.

“ಸಾರ್, ಮೇಲಿನ ದೆಹಲಿಯವರು ಈ ಮನೆ ಚರಿತ್ರೆ ಕೇಳ್ತಿದ್ದಾರೆ. ನೀವು ನಿನ್ನೆ ಹೇಳಿದ್ದೇ ಬೇರೆ, ಇವತ್ತು ಹೇಳಿದ್ದೇ ಬೇರೆಯಂತೆ.”

ಮ್ಯಾನೇಜರ್ ಬೆವರಿದರು. “ಈಗೇನಯ್ಯಾ ಮಾಡೋದು?”

“ಈ ಅಮ್ಮಾವ್ರು ಹುಟ್ಟಿದ್ದೇ ಇಲ್ಲಿ ಸಾರ್. ಕೈಮುಗಿದು ಕೇಳಿ, ದೊಡ್ಡ ಮನಸ್ಸು ಮಾಡಿದ್ರೂ ಮಾಡಬಹುದು.”

ಮ್ಯಾನೇಜರ್ ಓಡಿ ಬಂದು ಕೈಮುಗಿದರು. ತಾವೇ ಮುಂದಾಗಿ ಮೇಲೆ ಕರೆದೊಯ್ದರು.

ಕಿಟಕಿ ಹಾಗೆಯೇ ಇತ್ತು. ಅರಮನೆಯ ದೀಪಗಳೆಲ್ಲ ಒಟ್ಟಿಗೆ ಹೊತ್ತಿಕೊಂಡವು. ಅಮ್ಮ ಇರಲಿಲ್ಲ. ನನಗೆ ಮಾತು ಹೊರಡಲಿಲ್ಲ.

“ನಮ್ಮ ಹೊಸ ಗೈಡ್. ಸ್ವಲ್ಪ ನಾಚಿಕೆ,” ಎಂದರು ಮ್ಯಾನೇಜರ್, ದೆಹಲಿಯವರಿಗೆ.

ದೆಹಲಿಯವರು ಚರಿತ್ರೆ ಕೇಳುತ್ತಿದ್ದಾರೆಂದು ಸರ್ವರ್ ಹೇಳಿದ ಸುಳ್ಳನ್ನು ನಾನು ಮನ್ನಿಸಿದ್ದೇನೆ. ಮ್ಯಾನೇಜರ್ ಮಾತ್ರ ನನ್ನ ಕ್ಷಮೆ ಕೇಳಬೇಕು.