ಕರಿ ಟೇಪಿನಡಿಯ ಅಯಸ್ಕಾಂತ

ಅರಸೀಕೆರೆಯಲ್ಲಿ ಮಂಜಯ್ಯಾಚಾರ್ ಎಂಬ ಮರಗೆಲಸದವರಿದ್ದರು. ಬಾಗಿಲ ಮೇಲಿನ ಬಳ್ಳಿ, ಹೂವು, ಗಿಳಿ ಎಲ್ಲವನ್ನೂ ಉಳಿ ಹಿಡಿದೇ ಕೆತ್ತುತ್ತಿದ್ದರು. ಅವರ ಸೊಸೆ ಸುಕನ್ಯಾಗೆ ಹೊಸದನ್ನು ಕಲಿಯುವ ಹುಮ್ಮಸ್ಸು. ಮನೆಯ ಮುಂದಿನ ಕೋಣೆಗೆ ಅವಳೊಂದು ಲೇಸರ್ ಯಂತ್ರ ತರಿಸಿದಳು. ದೊಡ್ಡ ಟ್ರಂಕಿನಂಥ ಪೆಟ್ಟಿಗೆ. ಒಳಗೆ ತೆಳು ಹಲಗೆ ಇಟ್ಟು, ಮುಚ್ಚಳ ಹಾಕಿ, ಗುಂಡಿ ಒತ್ತಿದರೆ ಸಾಕು. ಕಣ್ಣಿಗೆ ಕಾಣದ ಬೆಳಕೊಂದು ಮರವನ್ನು ಸುಡುತ್ತಾ ಕೊಯ್ಯುತ್ತಿತ್ತು. ಮನೆಯ ಹೆಸರಿನ ಫಲಕ, ರಂಗೋಲಿ ಅಚ್ಚು, ಮದುವೆ ಮಂಟಪದ ಜಾಲರಿ ಎಲ್ಲವೂ ಅದರಿಂದ ಬರುತ್ತಿದ್ದವು.

ಆ ಯಂತ್ರಕ್ಕೆ ಒಂದು ಕಾವಲಿತ್ತು. ಮುಚ್ಚಳದ ಅಂಚಿನಲ್ಲಿ ಪುಟ್ಟ ಅಯಸ್ಕಾಂತ, ಅದಕ್ಕೆದುರಾಗಿ ಪೆಟ್ಟಿಗೆಯಲ್ಲಿ ಪುಟ್ಟ ಸ್ವಿಚ್ಚು. ಮುಚ್ಚಳವನ್ನು ಒಂದು ಬೆರಳಷ್ಟು ಎತ್ತಿದರೂ ಅಯಸ್ಕಾಂತ ದೂರವಾಗಿ ಬೆಳಕು ನಿಂತುಹೋಗುತ್ತಿತ್ತು. ಮುಚ್ಚಳ ತೆರೆದಿದೆ ಎಂದರೆ ಒಳಗೆ ಬೆಂಕಿಯಿಲ್ಲ. ಸುಕನ್ಯಾ ಆ ಮಾತನ್ನು ನಂಬಿ ದಿನಕ್ಕೆ ಐವತ್ತು ಸಲ ಒಳಗೆ ಕೈ ಹಾಕುತ್ತಿದ್ದಳು.

ಮಾವನಿಗೂ ಅವಳೇ ಯಂತ್ರ ಕಲಿಸಿದಳು. ಆದರೆ ಕೊಯ್ಯುವ ಮರವನ್ನು ಹತ್ತಿರದಿಂದ ನೋಡಿ, ಹೊಟ್ಟನ್ನು ಊದಿ ಅಭ್ಯಾಸವಾದವರು ಅವರು. ಕೆಲಸದ ಮಧ್ಯೆ ಮುಚ್ಚಳ ಎತ್ತುವರು, ಯಂತ್ರ ನಿಲ್ಲುವುದು, ಹಲಗೆ ಕೆಡುವುದು. ಹೀಗೆ ಒಂದೇ ವಾರದಲ್ಲಿ ನಾಲ್ಕು ಹಲಗೆ ಕೆಟ್ಟವು.

"ನನ್ನ ಕೆಲಸ ನಾನು ನೋಡೋಕೂ ಈ ಪೆಟ್ಟಿಗೆಯ ಅಪ್ಪಣೆ ಬೇಕೇನಮ್ಮಾ?" ಎಂದು ರೇಗಿದರು.

"ಅದು ನಮ್ಮ ಒಳ್ಳೇದಕ್ಕೇ ಮಾವ. ಸ್ವಲ್ಪ ತಾಳ್ಮೆ ಇರಲಿ," ಎಂದಳು ಸುಕನ್ಯಾ.

ಎರಡು ದಿನ ಕಳೆದ ಮೇಲೆ ಗೊಣಗಾಟ ನಿಂತಿತು. ಹಲಗೆ ಕೆಡುವುದೂ ನಿಂತಿತು. ಮಾವನಿಗೆ ರೂಢಿಯಾಯಿತು ಎಂದುಕೊಂಡು ಅವಳು ಸಂತೋಷಪಟ್ಟಳು.

ಒಂದು ಬೆಳಿಗ್ಗೆ ಅವಳು ಮುಚ್ಚಳ ತೆಗೆದು ಹೊಸ ಹಲಗೆಯನ್ನು ಸರಿಯಾಗಿ ಕೂರಿಸುತ್ತಿದ್ದಳು. ಯಂತ್ರ ಸುಮ್ಮನಿತ್ತು. ಅಷ್ಟರಲ್ಲಿ ಕರೆಂಟು ಹೋಯಿತು, ಮರುಗಳಿಗೆಯಲ್ಲೇ ಬಂತು. ಯಾರೂ ಗುಂಡಿ ಒತ್ತಿರಲಿಲ್ಲ. ಚಿಟಕ್ ಎಂದಿತು, ಅಷ್ಟೇ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಕೆಂಡದ ಸೂಜಿ ಇಳಿದಂತಾಯಿತು. ಚರ್ಮ ಸುಟ್ಟ ವಾಸನೆ ಮೂಗಿಗೆ ಬಡಿದ ಮೇಲೆಯೇ ಅವಳು ಕಿರುಚಿದ್ದು. ಮಂಜಯ್ಯಾಚಾರ್ ಓಡಿಬಂದು ಅವಳ ಕೈಯನ್ನು ನಲ್ಲಿಯ ಕೆಳಗೆ ಹಿಡಿದರು. ಅವರ ಮುಖ ಬಿಳಿಚಿಕೊಂಡಿತ್ತು.

ಗಾಯ ನೋಡಿದ ಡಾಕ್ಟರು ಹೇಳಿದರು: "ಒಳಗಿನ ನರಕ್ಕೂ ತಗುಲಿದೆ. ತೋರುಬೆರಳು ಮೊದಲಿನ ಹಾಗೆ ಪೂರ್ತಿ ಮಡಚೋದು ಅನುಮಾನ. ಕಣ್ಣಿಗೆ ತಾಗಲಿಲ್ಲವಲ್ಲ, ಅದೇ ಪುಣ್ಯ."

ಮರುದಿನ ಯಂತ್ರ ಮಾರಿದ ಅಂಗಡಿಯಿಂದ ಧನಪಾಲ ಎಂಬ ಮೆಕ್ಯಾನಿಕ್ ಬಂದ. ಅವನು ಹೊಸ್ತಿಲು ದಾಟುವ ಮೊದಲೇ ಮಂಜಯ್ಯಾಚಾರ್ ಕೂಗಾಡಿದರು. "ಎಂಥ ದರಿದ್ರ ಸಾಮಾನು ಮಾರಿದ್ದೀರಯ್ಯಾ! ನನ್ನ ಸೊಸೆ ಕೈ ಸುಟ್ಟುಹಾಕಿದ್ರಲ್ಲ!"

ಧನಪಾಲ ಒಳಗೆ ಬಂದು ಪೆಟ್ಟಿಗೆಯ ಅಂಚನ್ನು ತಡವಿದ. ಪೆಟ್ಟಿಗೆಯ ಕರಿ ಅಂಚಿನಲ್ಲಿ ಕಾಣದ ಹಾಗೆ, ಸ್ವಿಚ್ಚಿನ ಮೇಲೆ ಕರಿ ಟೇಪು ಸುತ್ತಿತ್ತು. ಬಿಚ್ಚಿದ. ಒಳಗಿಂದ ಅಯಸ್ಕಾಂತದ ಚೂರೊಂದು ಕೆಳಗೆ ಬಿತ್ತು.

"ಇದನ್ನ ಯಾರು ಅಂಟಿಸಿದ್ದು? ಮುಚ್ಚಳ ತೆಗೆದ್ರೂ ಮುಚ್ಚಿದೆ ಅಂತಲೇ ಮಷೀನು ತಿಳಿಯುತ್ತೆ. ಹೀಗೆ ಮಾಡಿದ್ರೆ ನಮ್ಮ ಜವಾಬ್ದಾರಿ ಇಲ್ಲ ಮೇಡಂ."

ಸುಕನ್ಯಾ ಮಾವನ ಕಡೆ ನೋಡಿದಳು. ಅವರು ತಲೆ ತಗ್ಗಿಸಿದರು. ಮನೆಯ ಹಳೆಯ ರೇಡಿಯೋದಿಂದ ಮಾವ ಕಿತ್ತಿಟ್ಟಿದ್ದ ಅಯಸ್ಕಾಂತ ಅದು, ಅವಳೂ ಕಂಡಿದ್ದದ್ದೇ.

"ಆದರೂ ತಾನಾಗೇ ಉರಿದದ್ದು ನಿಮ್ಮ ಯಂತ್ರ ತಾನೇ?" ಎಂದರು ಅವರು, ದನಿ ತಗ್ಗಿಸಿ.

"ಅದು ಈ ಮಾದರಿಯಲ್ಲಿ ಒಂದೊಂದ್ಸಲ ಆಗುತ್ತೆ ಯಜಮಾನ್ರೇ. ಒಂದು ವೈರು ಸರಿಯಾಗಿ ಕೂತಿರಲ್ಲ. ಕರೆಂಟು ಹೋಗಿ ಬಂದಾಗ ಚಿಟಕ್ ಅನ್ನುತ್ತೆ. ಅದಕ್ಕೇ ಅಲ್ವಾ ಮುಚ್ಚಳದ ಸ್ವಿಚ್ಚು ಇರೋದು?"

ಸುಕನ್ಯಾಳ ಎದೆಯಲ್ಲಿ ಏನೋ ಸಿಡಿಯಿತು. ಆ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ಮಾವನೆದುರು ಅವಳು ಎಂದೂ ದನಿ ಏರಿಸಿರಲಿಲ್ಲ.

"ಸಾಕು ನಿಲ್ಲಿಸಿ, ಇಬ್ಬರೂ!" ಎಂದಳು. "ಧನಪಾಲ್, ಇದು ತಾನಾಗೇ ಉರಿಯುತ್ತೆ ಅಂತ ನಿಮಗೆ ಗೊತ್ತಿತ್ತು. ಹೇಳಲಿಲ್ಲ. ಮಾವ, ಸ್ವಿಚ್ಚು ಕಟ್ಟಿಹಾಕಿರೋದು ನಿಮಗೆ ಗೊತ್ತಿತ್ತು. ನೀವೂ ಹೇಳಲಿಲ್ಲ. ಒಬ್ಬರು ಬಾಯಿ ಬಿಟ್ಟಿದ್ರೂ ನಾನು ಒಳಗೆ ಕೈ ಇಡ್ತಿರಲಿಲ್ಲ. ಈಗ ಅವರನ್ನ ತೋರಿಸಿ ನೀವು ಪಾರು, ನಿಮ್ಮನ್ನ ತೋರಿಸಿ ಅವರು ಪಾರು. ಸುಟ್ಟಿದ್ದು ಯಾರ ಕೈ?"

"ನಿನಗೆ ಹೀಗಾಗಲಿ ಅಂತ ಮಾಡಿದ್ದಲ್ಲಮ್ಮ," ಎಂದರು ಮಂಜಯ್ಯಾಚಾರ್.

"ಬೇಕಂತಲೇ ಮಾಡಿದ್ರೆ ಇಷ್ಟು ಸಿಟ್ಟು ಬರ್ತಿರಲಿಲ್ಲವೇನೋ. ಈ ಪೆಟ್ಟಿಗೆಗೆ ನಾನೂ ಕೈ ಹಾಕ್ತೀನಿ ಅನ್ನೋದೇ ನಿಮಗೆ ನೆನಪಾಗಲಿಲ್ಲವಲ್ಲ ಮಾವ!"

ಅವಳು ಎಡಗೈಯಿಂದ ಯಂತ್ರದ ಪ್ಲಗ್ಗನ್ನು ಕಿತ್ತಳು. ಆಮೇಲೆ ಮೆಕ್ಯಾನಿಕನ ಕಡೆ ತಿರುಗಿದಳು. "ಈ ಮಾದರಿ ಇನ್ನೆಲ್ಲೆಲ್ಲಿ ಕೊಟ್ಟಿದ್ದೀರಿ?"

"ಹತ್ತು ಹನ್ನೆರಡು ಕಡೆ," ಎಂದ ಧನಪಾಲ. ತಡೆದು ಸೇರಿಸಿದ, "ಪಕ್ಕದೂರಿನ ಹೆಣ್ಣುಮಕ್ಕಳ ಹೈಸ್ಕೂಲಿಗೂ ಒಂದು."

"ಎಲ್ಲರಿಗೂ ಈಗಲೇ ಫೋನ್ ಮಾಡಿ. ವೈರು ಸರಿಯಾಗೋವರೆಗೂ ಪ್ಲಗ್ ಹಾಕಬೇಡಿ ಅನ್ನಿ."

"ಓನರನ್ನ ಒಂದು ಮಾತು ಕೇಳಿ ಆಮೇಲೆ..."

"ಅವರ ಮಗಳು ಆ ಸ್ಕೂಲಲ್ಲಿ ಓದ್ತಿದ್ರೆ ಕೇಳ್ತಾ ಕೂರ್ತಿದ್ರಾ?"

ಅವನು ಅವಳ ಬ್ಯಾಂಡೇಜನ್ನು ನೋಡಿದ. ಅಲ್ಲೇ ಮೆಟ್ಟಿಲ ಮೇಲೆ ಕೂತು ಒಂದೊಂದಾಗಿ ಎಲ್ಲರಿಗೂ ಫೋನ್ ಮಾಡಿದ. ಕೊನೆಯ ಕರೆ ಮುಗಿಯುವವರೆಗೂ ಸುಕನ್ಯಾ ಬಾಗಿಲಲ್ಲೇ ನಿಂತಿದ್ದಳು.

ಮುಂದಿನ ಎರಡು ದಿನ ಅವಳು ಎಡಗೈಯಲ್ಲಿ ಕಷ್ಟಪಟ್ಟು ಕೆಲಸ ಮಾಡುವುದನ್ನು ಮಂಜಯ್ಯಾಚಾರ್ ನೋಡುತ್ತಿದ್ದರು. ನೋಡಲಾಗದೆ ಎದ್ದುಹೋಗುತ್ತಿದ್ದರು. ಮೂರನೆಯ ದಿನ ಒಗೆದ ಅಂಗಿ ತೊಟ್ಟು ಅಂಗಳದಲ್ಲಿ ನಿಂತರು.

"ಆ ಸ್ಕೂಲಿಗೆ ಹೋಗೋಣ ನಡಿ. ಅಲ್ಲೂ ನನ್ನಂಥವರು ಯಾರಾದ್ರೂ ಟೇಪು ಸುತ್ತಬಹುದು."

ಶಾಲೆಯಲ್ಲಿ ಯಂತ್ರದ ಸುತ್ತ ನಲವತ್ತು ಹುಡುಗಿಯರು ಸೇರಿದರು. ಟೀಚರಮ್ಮನೂ ಇದ್ದರು. ಮಂಜಯ್ಯಾಚಾರ್ ಒಂದನ್ನೂ ಮುಚ್ಚಿಡಲಿಲ್ಲ. ಅಯಸ್ಕಾಂತ ಎಲ್ಲಿ ಇಟ್ಟೆ, ಯಾಕೆ ಇಟ್ಟೆ, ಯಾರಿಗೂ ಯಾಕೆ ಹೇಳಲಿಲ್ಲ, ಎಲ್ಲವನ್ನೂ ಹೇಳಿದರು. "ಹೇಳಿದ್ರೆ ಇವಳು ಬೇಡ ಅಂತಾಳೆ ಅಂತ ಗೊತ್ತಿತ್ತು. ಅದಕ್ಕೇ ಹೇಳಲಿಲ್ಲ," ಎಂದರು.

ಮುಂದೆ ಕೂತಿದ್ದ ಹುಡುಗಿಯೊಬ್ಬಳು ಕೇಳಿಯೇಬಿಟ್ಟಳು, "ತಾತ, ಎಲ್ಲರ ಮುಂದೆ ಹೀಗೆ ಹೇಳೋಕೆ ನಾಚಿಕೆ ಆಗಲ್ವಾ?"

"ಆಗುತ್ತೆ ಮಗಳೇ. ಕಾಲು ಹೇಗೆ ನಡುಗ್ತಿದೆ ನೋಡು."

ಸುಕನ್ಯಾಳ ಕೋಪ ಅಂದಿಗೂ ಪೂರ್ತಿ ಇಳಿದಿರಲಿಲ್ಲ. ಆದರೂ ಅವಳು ಒಂದು ಕುರ್ಚಿ ಎಳೆದು ತಂದು ಮಾವನ ಹಿಂದೆ ಇಟ್ಟಳು. "ಕೂತುಕೊಂಡು ಹೇಳಿ ಮಾವ. ಇನ್ನೂ ಕೇಳೋರಿದ್ದಾರೆ," ಎಂದಳು.

ನೀತಿ: ಕಾವಲನ್ನು ಕಟ್ಟಿಹಾಕಿದವನು ಅದನ್ನು ನಂಬಿದವರ ಕೈಯನ್ನು ಬೆಂಕಿಗೆ ಒಡ್ಡಿದಂತೆ. ಅಪಾಯ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡವನು ಇನ್ನೊಬ್ಬನ ತಪ್ಪು ತೋರಿಸಿ ಪಾರಾಗುವಂತಿಲ್ಲ.