ಅಳಿಸಿಹೋದ ಸಾಲು

“ಗುರುಗಳೇ, ಜಗಳವಾಡುವ ಇಬ್ಬರೂ ಒಳ್ಳೆಯವರೇ ಆಗಿದ್ದರೆ ತಪ್ಪು ಯಾರದು?” ಎಂದು ಶಿಷ್ಯ ಕೇಳಿದ.

ಗುರು ಹೇಳಿದರು:

ಒಂದು ಆಸ್ಪತ್ರೆಗೆ ಎರಡು ಕಟ್ಟಡಗಳಿದ್ದವು. ಹಳೆಯದರಲ್ಲಿ ರಕ್ತನಿಧಿ, ಹೊಸದರಲ್ಲಿ ಹೆರಿಗೆ ಮತ್ತು ಶಸ್ತ್ರಚಿಕಿತ್ಸೆ. ಒಂದೊಂದಕ್ಕೆ ಒಂದೊಂದು ಸರ್ವರ್. ಹಳೆಯದನ್ನು ಗುರುಸಿದ್ದಪ್ಪ ನೋಡಿಕೊಳ್ಳುತ್ತಿದ್ದ, ಹೊಸದನ್ನು ಶಕೀಲಾ. ಸಿಬ್ಬಂದಿ ಲಾಗಿನ್ ಆದೊಡನೆ ಒಂದು ಸಣ್ಣ ಸ್ಕ್ರಿಪ್ಟ್ ಓಡಿ, ಯಾವ ಚೀಟಿ ಯಾವ ಪ್ರಿಂಟರಿಗೆ ಹೋಗಬೇಕೆಂದು ಕಂಪ್ಯೂಟರಿಗೆ ತಿಳಿಸುತ್ತಿತ್ತು. ಆ ಸ್ಕ್ರಿಪ್ಟ್ ಎರಡೂ ಸರ್ವರುಗಳಲ್ಲಿತ್ತು. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆಗೆ ತಾನಾಗಿಯೇ ನಕಲಾಗುತ್ತಿತ್ತು.

ಒಂದು ಬೆಳಿಗ್ಗೆ ಶಕೀಲಾ ಶಸ್ತ್ರಚಿಕಿತ್ಸಾ ಕೊಠಡಿಯ ಪ್ರಿಂಟರಿಗಾಗಿ ಸ್ಕ್ರಿಪ್ಟಿಗೆ ಒಂದು ಸಾಲು ಸೇರಿಸಿದಳು. ಅದೇ ಹೊತ್ತಿಗೆ ಗುರುಸಿದ್ದಪ್ಪ ತನ್ನ ಕಡೆ, ರಕ್ತನಿಧಿಗೆ ಬಂದ ಹೊಸ ಪ್ರಿಂಟರಿನ ಸಾಲು ಸೇರಿಸಿದ. ಮಧ್ಯಾಹ್ನ ನೋಡಿದರೆ ಅವಳ ಸಾಲು ಇರಲಿಲ್ಲ, ಅವನದು ಇತ್ತು. ‘ಹಿರಿಯನೆಂಬ ಗರ್ವ ಅವನಿಗೆ, ನನ್ನದನ್ನು ಅಳಿಸಿದ್ದಾನೆ’ ಅಂದುಕೊಂಡಳು. ತನ್ನ ಬಳಿಯಿದ್ದ ಪ್ರತಿಯನ್ನೇ ಮತ್ತೆ ಹಾಕಿದಳು. ಅವನ ಸಾಲು ಹೋಯಿತು. ಅವನು ತನ್ನ ಪ್ರತಿ ಹಾಕಿದ. ಹೀಗೇ ಕೆಲವು ದಿನ ನಡೆದು, ಅಂಗಳದಲ್ಲಿ ಎದುರಾದರೆ ಮುಖ ತಿರುಗಿಸುವ ಮಟ್ಟಕ್ಕೆ ಬಂತು. ಕೊನೆಗೊಮ್ಮೆ ಶಕೀಲಾ ತನ್ನ ಪ್ರತಿ ಹಾಕಿ, ಸರ್ವರುಗಳ ನಡುವಿನ ನಕಲನ್ನೇ ನಿಲ್ಲಿಸಿಬಿಟ್ಟಳು. ಅಂದು ನೆಮ್ಮದಿಯಾಗಿ ಊಟ ಮಾಡಿದಳು.

ಮರುದಿನ ಹೆರಿಗೆಯಾದ ಹೆಂಗಸೊಬ್ಬಳಿಗೆ ರಕ್ತಸ್ರಾವ ನಿಲ್ಲಲಿಲ್ಲ. ರಕ್ತ ಬೇಕೆಂದು ನರ್ಸ್ ಕಳಿಸಿದ ಚೀಟಿ, ಸ್ಕ್ರಿಪ್ಟಿನಲ್ಲಿ ಗುರುಸಿದ್ದಪ್ಪನ ಸಾಲು ಇಲ್ಲದ್ದರಿಂದ, ರಕ್ತನಿಧಿಯ ಹಳೆಯ ಪ್ರಿಂಟರಿಗೆ ಹೋಯಿತು. ಅದನ್ನು ಕಳಚಿ ಮೂಲೆಗಿಟ್ಟಿದ್ದರು. ಕಾದು ಕಾದು ವೈದ್ಯೆಯೇ ಅಂಗಳ ದಾಟಿ ಓಡಿದಳು. ತಾಯಿ ಹೇಗೋ ಉಳಿದಳು.

ವಿಷಯ ಶಕೀಲಾಳಿಗೆ ತಿಳಿಯಿತು. ನೇರವಾಗಿ ಗುರುಸಿದ್ದಪ್ಪನ ಕೋಣೆಗೆ ಹೋದಳು.

“ಮೊದಲ ದಿನ ನನ್ನ ಸಾಲು ಯಾಕೆ ಅಳಿಸಿದಿರಿ?”

“ನಾನೆಲ್ಲಮ್ಮ ಅಳಿಸಿದೆ? ನನ್ನದನ್ನು ಸೇರಿಸಿದೆ, ಅಷ್ಟೇ. ನಿನ್ನ ಸಾಲು ನನ್ನ ಕಣ್ಣಿಗೇ ಬಿದ್ದಿರಲಿಲ್ಲ.”

ಇಬ್ಬರೂ ಕೂತು ಸರ್ವರನ್ನು ತಡಕಿದರು. ಒಂದೇ ಕಡತವನ್ನು ಎರಡು ಕಡೆ ಒಟ್ಟಿಗೆ ತಿದ್ದಿದರೆ, ಸರ್ವರ್ ಕೊನೆಯದನ್ನು ಉಳಿಸಿಕೊಂಡು ಇನ್ನೊಂದನ್ನು ಬೇರೆ ಫೋಲ್ಡರಿಗೆ ಸರಿಸುತ್ತದೆ. ಶಕೀಲಾಳ ಸಾಲು ಅಲ್ಲೇ ಬಿದ್ದಿತ್ತು. ಯಾರೂ ಅದನ್ನು ಮುಟ್ಟಿರಲಿಲ್ಲ. ಅವಳಿಗೆ ಅಳು ಬಂತು. ಗುರುಸಿದ್ದಪ್ಪ ಕುರ್ಚಿಯನ್ನು ಅವಳತ್ತ ಸರಿಸಿ, ಕೀಬೋರ್ಡ್ ಮುಂದಿಟ್ಟ. ಎರಡೂ ಸಾಲುಗಳನ್ನು ಒಂದೇ ಸ್ಕ್ರಿಪ್ಟಿನಲ್ಲಿ ಬರೆದು, ನಕಲನ್ನು ಮತ್ತೆ ಚಾಲೂ ಮಾಡಿ, ರಕ್ತನಿಧಿಯಲ್ಲಿ ಚೀಟಿ ಹೊರಬರುವವರೆಗೂ ಇಬ್ಬರೂ ನಿಂತೇ ಇದ್ದರು.

ಗುರು ಕತೆ ನಿಲ್ಲಿಸಿದರು. ಶಿಷ್ಯನಿಗೆ ಸಮಾಧಾನವಾಗಲಿಲ್ಲ. “ಸರಿ, ಕೊನೆಗೆ ತಪ್ಪು ಯಾರದೆಂದಾಯಿತು?” ಎಂದ.

“ವೈದ್ಯೆಯೂ ಅದನ್ನೇ ಕೇಳಿದಳು, ಇಬ್ಬರೂ ಒಟ್ಟಿಗೆ ‘ನನ್ನದು’ ಎಂದರು.”